ನಾಲ್ಕು ಹಸಿರು ಚುಕ್ಕಿ

ಸಿಂದಗಿಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಗ್ರಾಫ್ ಸಿದ್ಧಾಂತ ಕಲಿಸುತ್ತಿದ್ದೇನೆ. ಚುಕ್ಕಿ ಇಡುವುದು, ಚುಕ್ಕಿಯಿಂದ ಚುಕ್ಕಿಗೆ ಬಾಣ ಎಳೆಯುವುದು, ಬಣ್ಣ ಹಚ್ಚುವುದು. ಇದರಿಂದ ಮನುಕುಲಕ್ಕೆ ಏನು ಉಪಯೋಗ ಎಂದು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳುತ್ತಾನೆ. ಪ್ರತಿ ವರ್ಷ ನಾನು ಸಿಟ್ಟಾಗುತ್ತೇನೆ. ಈ ವರ್ಷ ಉಪಯೋಗ ತೋರಿಸಿಯೇಬಿಡುವ ಹುಮ್ಮಸ್ಸು ಬಂತು. ಬರಬಾರದಿತ್ತು!

ನನ್ನ ಹೆಂಡತಿ ಸುಮಂಗಲಾ ಸರಕಾರಿ ಹೈಸ್ಕೂಲಿನ ಕನ್ನಡ ಶಿಕ್ಷಕಿ. ಒಂಬತ್ತು ವರ್ಷಗಳಿಂದ ಮುದ್ದೇಬಿಹಾಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಮನೆಗೆ ಬರುವುದು, ಸೋಮವಾರ ನಸುಕಿನಲ್ಲಿ ಹೋಗುವುದು. ಉಳಿದ ದಿನ ನನಗೆ ಖಾನಾವಳಿಯೇ ಗತಿ. ಅವಳು ಊರಿಗೆ ಬರಲು ಉಳಿದಿದ್ದ ಒಂದೇ ದಾರಿ ಪರಸ್ಪರ ವರ್ಗಾವಣೆ, ಅಂದರೆ ಇಬ್ಬರು ಶಿಕ್ಷಕರು ಒಪ್ಪಿಕೊಂಡು ಜಾಗ ಅದಲುಬದಲು ಮಾಡಿಕೊಳ್ಳುವುದು. ಆದರೆ ಸಿಂದಗಿ ಬಿಟ್ಟು ಮುದ್ದೇಬಿಹಾಳಕ್ಕೆ ಹೋಗುತ್ತೇನೆ ಎನ್ನುವವರು ಒಬ್ಬರೂ ಸಿಗಲಿಲ್ಲ.

ಆಗ ನನ್ನೊಳಗಿನ ವಿದ್ವಾಂಸ ಎದ್ದು ಕುಳಿತ. ವರ್ಗಾವಣೆಯ ಸುತ್ತೋಲೆಯನ್ನು ಪ್ರಿಂಟ್ ತೆಗೆಸಿದ್ದೆ. ಅದರ ಎರಡನೇ ಪುಟದ ಹಿಂಬದಿ ಖಾಲಿ ಇತ್ತು. ವರ್ಗ ಬಯಸುವ ಒಬ್ಬೊಬ್ಬ ಶಿಕ್ಷಕರಿಗೂ ಒಂದೊಂದು ಚುಕ್ಕಿ ಇಟ್ಟೆ. ಅವರು ಬಯಸಿದ ಊರಿನಲ್ಲಿರುವವರ ಚುಕ್ಕಿಯ ಕಡೆ ಬಾಣ ಎಳೆದೆ. ಒಂದೇ ವಿಷಯದವರು ಮಾತ್ರ ಅದಲುಬದಲಾಗಬಹುದು, ಆದ್ದರಿಂದ ಗಣಿತಕ್ಕೆ ಕೆಂಪು, ವಿಜ್ಞಾನಕ್ಕೆ ನೀಲಿ, ಕನ್ನಡಕ್ಕೆ ಹಸಿರು ಬಣ್ಣ. ಪುಸ್ತಕದ ಪ್ರಕಾರ ಗೆರೆಯ ಎರಡು ತುದಿಗೆ ಬೇರೆ ಬೇರೆ ಬಣ್ಣ ಇರಬೇಕು. ಇಲ್ಲಿ ಒಂದೇ ಇರಬೇಕು. ಈ ತಿದ್ದುಪಡಿಯನ್ನು ನಾನೇ ಮಾಡಿ ನಾನೇ ಮೆಚ್ಚಿಕೊಂಡೆ.

ಹಸಿರು ಚುಕ್ಕಿ ನಾಲ್ಕು ಬಂದವು. ಅವುಗಳ ಬಾಣಗಳು ಸುತ್ತು ಹೊಡೆದು ಒಂದಕ್ಕೊಂದು ಕೂಡಿಕೊಂಡವು! ಸುಮಂಗಲಾ ಮುದ್ದೇಬಿಹಾಳದಿಂದ ಸಿಂದಗಿಗೆ. ಸಿಂದಗಿಯ ಬಿರಾದಾರ ಮಾಸ್ತರರು ತಮ್ಮ ಲಿಂಬೆ ತೋಟವಿರುವ ಇಂಡಿಗೆ. ಇಂಡಿಯ ಕುಲಕರ್ಣಿ ಟೀಚರ್ ಗಂಡನ ಊರಾದ ಬಸವನ ಬಾಗೇವಾಡಿಗೆ. ಬಾಗೇವಾಡಿ ತಾಲ್ಲೂಕಿನ ಪಾಟೀಲ ಮಾಸ್ತರರು ಹೊಸ ಮನೆ ಕಟ್ಟಿಸಿದ ಮುದ್ದೇಬಿಹಾಳಕ್ಕೆ. ನಾನು ಎದ್ದು ನಿಂತು ಎರಡು ಸಲ ಚಪ್ಪಾಳೆ ತಟ್ಟಿದೆ.

ಒಂದು ರವಿವಾರ ಆ ಮೂವರನ್ನೂ ಮನೆಗೆ ಕರೆದೆ. ಅರ್ಜಿಯನ್ನು ಇಬ್ಬಿಬ್ಬರಾಗಿಯೇ ಹಾಕಬೇಕು. ಆದ್ದರಿಂದ ಒಬ್ಬರು ಮೂರು ಸಲ ಜಾಗ ಬದಲಿಸಿ, ಉಳಿದವರನ್ನು ಅವರವರ ಊರಿಗೆ ಮುಟ್ಟಿಸಿ, ಕಡೆಗೆ ತಾವೂ ಮುಟ್ಟುತ್ತಾರೆ ಎಂದು ವಿವರಿಸಿದೆ.

"ಅದೆಲ್ಲಾ ಖರೇ ಐತ್ರಿ ಸರ್. ಆ ಮೂರ್ ಸಲ ತಿರುಗೋರು ಯಾರು?" ಎಂದರು ಬಿರಾದಾರ ಮಾಸ್ತರರು.

ಮೂವರೂ ತಲೆ ತಗ್ಗಿಸಿ ಚಹದ ಕಪ್ಪು ನೋಡತೊಡಗಿದರು. ಸಿದ್ಧಾಂತದ ಮಾನ ಹೋಗುವ ಹೊತ್ತು! "ನಮ್ಮ ಮನಿಯಾಕಿನ ತಿರುಗ್ತಾಳ ತಗೋರಿ" ಎಂದುಬಿಟ್ಟೆ. ಮನೆಯಾಕೆ ಒಳಗೆ ಮಿರ್ಚಿ ಭಜಿ ಕರಿಯುತ್ತಿದ್ದಳು.

ಅವರೆಲ್ಲ ಹೋದ ಮೇಲೆ ಅವಳಿಗೆ ಸುದ್ದಿ ತಿಳಿಸಿದೆ.

"ಮೊದಲನೇದ್ದು ಆಗಿ, ಎರಡನೇದ್ದು ಆಗ್ಲಿಲ್ಲಂದ್ರ?" ಎಂದಳು.

"ಪ್ರಮೇಯ ಐತಿ!"

"ಪ್ರಮೇಯ ಆಫೀಸಿನವ್ರಿಗೆ ಗೊತ್ತೈತೇನ್ರಿ?"

"ನಿನಗ ಗಣಿತ ತಿಳ್ಯಂಗಿಲ್ಲ. ಸಹಿ ಮಾಡು."

ಮಾಡಿದಳು. ಒಂಬತ್ತು ವರ್ಷ ಬಸ್ಸಿನಲ್ಲಿ ಕುಳಿತವಳಿಗೂ ಮನೆಗೆ ಬರುವ ಆಸೆ ಇರುತ್ತದಲ್ಲ.

ಮೊದಲ ಬಾಣ ಗುರಿ ಮುಟ್ಟಿತು. ಪಾಟೀಲ ಮಾಸ್ತರರು ಮುದ್ದೇಬಿಹಾಳಕ್ಕೆ ಹೋಗಿ ಪೇಢೆ ಕಳಿಸಿದರು. ಸುಮಂಗಲಾ ಅವರ ಜಾಗಕ್ಕೆ, ಬಾಗೇವಾಡಿಯ ಆಚೆಯ ಒಂದು ಹಳ್ಳಿಗೆ ಹೋದಳು. ನಾನು ಎರಡನೇ ಅರ್ಜಿಯನ್ನೂ ಬಾಣಗಳ ಹಾಳೆಯನ್ನೂ ಹಿಡಿದು ಠೀವಿಯಿಂದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ.

ಗುಮಾಸ್ತರು ಅರ್ಜಿಯನ್ನು ಓದಿ ಹಾಗೇ ಹಿಂದಕ್ಕೆ ಸರಿಸಿದರು. "ಒಮ್ಮೆ ಪರಸ್ಪರ ತಗೊಂಡವ್ರು ಅವಧಿ ತುಂಬೂಮಟ ಅಲ್ಲೇ ಇರಬೇಕ್ರಿ. ಸುತ್ತೋಲೆ ಓದಿಲ್ಲೇನು?"

"ಎಲ್ಲಿ ಬರದಾರ್ರಿ?"

"ಎರಡನೇ ಪುಟದಾಗ."

ಕೈಯಲ್ಲಿದ್ದ ಹಾಳೆ ತಿರುವಿದೆ. ನನ್ನ ಬಾಣಗಳ ಬೆನ್ನಿಗೇ ಇತ್ತು! ಹಸಿರು ಶಾಯಿ ಆ ಸಾಲಿನ ಮೇಲೂ ಇಳಿದಿತ್ತು.

ಕುಲಕರ್ಣಿ ಟೀಚರ್ ನನ್ನ ಫೋನ್ ಎತ್ತುವುದನ್ನು ಬಿಟ್ಟರು. ಬಿರಾದಾರ ಮಾಸ್ತರರು ನನ್ನನ್ನು ಕಂಡರೆ ಅಡ್ಡಹಾದಿ ಹಿಡಿಯುತ್ತಾರೆ. ಅದು ಹೋಗಲಿ. ಮುದ್ದೇಬಿಹಾಳದಲ್ಲಿ ಸುಮಂಗಲಾಳಿಗೆ ಕೋಣೆಯ ಪಕ್ಕದಲ್ಲೇ ಶಾಲೆ ಇತ್ತು, ಕಷ್ಟಸುಖ ಕೇಳುವ ನೆರೆಯವರಿದ್ದರು. ಹೊಸ ಹಳ್ಳಿಗೆ ಕ್ರಾಸಿನಿಂದ ನಡೆಯಬೇಕು. ಶನಿವಾರ ಶಾಲೆ ಬಿಟ್ಟು ಅವಳು ಕ್ರಾಸ್ ಮುಟ್ಟುವಷ್ಟರಲ್ಲಿ ಬಸ್ ಹೋಗಿರುತ್ತದೆ. ಎರಡು ವಾರ ಹೇಗೋ ಬಂದಳು. ಮೂರನೇ ವಾರ ಫೋನ್ ಮಾಡಿದಳು: "ನನ್ನ ಕೈಲೆ ಆಗಂಗಿಲ್ರಿ. ಇನ್ನ ನೀವ ಬರ್ರಿ."

ಹೋದೆ. ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಜಗಳವಾಡಿದ್ದರೆ ಹಗುರಾಗುತ್ತಿತ್ತು, ಆಡಲಿಲ್ಲ. ಕಡೆಗೆ ನಾನೇ "ಲೆಕ್ಕ ತಪ್ಪಿತು ನೋಡು" ಎಂದೆ.

"ಲೆಕ್ಕ ತಪ್ಪಿಲ್ರಿ. ಮೂರ್ ಮಂದಿನ್ನ ಕುಂಡ್ರಿಸಿ ಕೇಳಿದ್ರಿ. ತಿರುಗೋ ನನ್ನ ಕೇಳಲಿಲ್ಲ."

ಚುಕ್ಕಿಗಳನ್ನು ಕೇಳದೆ ಬಾಣ ಎಳೆದು ಎಳೆದು, ಆ ಚಾಳಿ ಮನೆಯೊಳಗೂ ಬಂದಿತ್ತು. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಸೋಮವಾರ ಬೆಳಿಗ್ಗೆ ನನ್ನನ್ನು ಕಳಿಸಲು ಕ್ರಾಸಿನ ತನಕ ಬಂದಳು. ದೂರದಲ್ಲಿ ಬಸ್ ಕಂಡಿತು. ನಾನು ಗಂಭೀರವಾಗಿ ಕೈ ಅಡ್ಡ ಮಾಡಿದೆ.

"ಅದು ಮುದ್ದೇಬಿಹಾಳಕ್ಕ ಹೋಗ್ತೈತ್ರಿ," ಎಂದಳು. "ಸಿಂದಗಿಗೆ ಹೋಗೋರು ಆ ಕಡೆ ನಿಂದ್ರಬೇಕು."

ಬಾಣದ ದಿಕ್ಕು ಕಲಿಸಿ ಹೊಟ್ಟೆ ಹೊರೆಯುವ ನಾನು ಚೀಲ ಎತ್ತಿಕೊಂಡು ರಸ್ತೆ ದಾಟಿದೆ. ತಿರುಗಿ ನೋಡುವಷ್ಟರಲ್ಲಿ ಅವಳು ಶಾಲೆಯ ಹಾದಿ ಹಿಡಿದಿದ್ದಳು.