ಬಿಸಿಲಿಗಿಟ್ಟ ಹಿಟ್ಟು

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಏನಾದರೂ ಒಂದು ಕೆಲಸ ಗೊತ್ತುಮಾಡಿ ಕೊಡುತ್ತಾರೆ. ಅವನಿಂದ ಉಪಯೋಗವಾದೀತು ಎಂಬ ಆಸೆ ಯಾರಿಗೂ ಇರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭಿಪ್ರಾಯ ಹೇಳದಿದ್ದರೆ ಸಾಕು ಎಂದಷ್ಟೇ. ನನ್ನ ಪಾಲಿಗೆ ಬಂದದ್ದು ವಾರಕ್ಕೊಮ್ಮೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು ಬರುವ ಕೆಲಸ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಮೈಕಿನ ಮುಂದೆ ಕೂತು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಬಸ್ಸುಗಳನ್ನೆಲ್ಲ ಕೂಗಿ ಕೂಗಿ ಹೊರಡಿಸಿದವನು ನಾನು. ಎಸ್ಸೆಸ್ಸೆಲ್ಸಿ ಪಾಸಾದ ವಿದ್ಯೆಯನ್ನೆಲ್ಲ ಸುರಿದರೂ ಈ ಒಂದು ಡಬ್ಬಿಯನ್ನು ನೆಟ್ಟಗೆ ಹೋಗಿಬರುವಂತೆ ಮಾಡಲು ನನ್ನಿಂದ ಆಗಲಿಲ್ಲ. ಅದರ ತಪ್ಪೊಪ್ಪಿಗೆ ಇದು. ಓದುವವರು ನಗಬಹುದು. ನನಗೆ ಮಾತ್ರ ನಗು ಬರುತ್ತಿಲ್ಲ.

ನಮ್ಮ ಓಣಿಯ ಗಿರಣಿ ಕೊಟ್ರಪ್ಪನದು. ಅಲ್ಲಿ ಜನ ಸರದಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಡಬ್ಬಿ ಇಟ್ಟು ಚಹಾ ಕುಡಿದು ಬಂದರೂ ನಿಮ್ಮ ಸರದಿಯನ್ನು ಯಾರೂ ಮುಟ್ಟರು. ಜೋಳದ ಹಿಂದೆ ಜೋಳವನ್ನೇ ಸುರಿಯಬೇಕು, ಗೋಧಿಯವರು ಕಾಯಬೇಕು, ಮೆಣಸಿನಕಾಯಿ ತಂದವರನ್ನು ಕೊಟ್ರಪ್ಪ ಕಣ್ಣಲ್ಲೇ ಹಿಂದಕ್ಕೆ ಕಳಿಸುತ್ತಿದ್ದ. ಬಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ "ಹಾಂ, ಒಯ್ರಿ" ಎಂದರೆ ಮುಗಿಯಿತು. ಜೋಳ ನನ್ನ ಹೆಂಡತಿ ಗೌರಮ್ಮನ ತವರಿನದು. ತೆಲಿಗಿಯಿಂದ ಅವಳ ತಮ್ಮ ವರ್ಷಕ್ಕಾಗುವಷ್ಟು ಬಿಳಿಜೋಳ ಬಸ್ಸಿಗೆ ಹಾಕಿ ಕಳಿಸುತ್ತಾನೆ. ಅವಳು ರೊಟ್ಟಿ ತಟ್ಟಿದರೆ ಹಂಚಿನ ಮೇಲೆ ಹುಣ್ಣಿಮೆ. ಓಣಿಯಲ್ಲಿ ಯಾರ ಮನೆಯ ಕಾರ್ಯವಿದ್ದರೂ ರೊಟ್ಟಿಗೆ ಮೊದಲು ಕರೆಯುತ್ತಿದ್ದುದು ಗೌರಮ್ಮನನ್ನೇ. ಅವಳಿಗೆ ಬೇರೆ ಬಿರುದುಗಳಿಲ್ಲ, ಬೇಕಾಗಿಯೂ ಇರಲಿಲ್ಲ.

ಹೀಗಿರುವಾಗ ಸ್ಟೇಷನ್ ರಸ್ತೆಯಲ್ಲಿ ದೊಡ್ಡ ಮಾರ್ಟು ಬಂತು. ಗಾಜಿನ ಬಾಗಿಲು, ಒಳಗೆ ಫ್ರಿಜ್ಜಿನಂಥ ತಂಪು. ಮೊದಲ ವರ್ಷ ಅದು ಬೇಳೆ ಸಕ್ಕರೆಯ ಅಂಗಡಿಗಳನ್ನು ನುಂಗಿತು, ಎರಡನೆಯ ವರ್ಷ ಸಂತೆಯ ಅರ್ಧವನ್ನು ನುಂಗಿತು. ಆಮೇಲೆ ಜೋಳದ ಹಿಟ್ಟಿನ ಪೊಟ್ಟಣ ಇಟ್ಟುಕೊಂಡಿತು. ನಮ್ಮ ಹೊಲಗಳ ಜೋಳವೇ ಲಾರಿ ಹತ್ತಿ ಯಾವುದೋ ಊರಿಗೆ ಹೋಗಿ, ಬಣ್ಣದ ಅಂಗಿ ಹಾಕಿಕೊಂಡು, ನಮ್ಮನ್ನೇ ಗುರುತು ಹಿಡಿಯದವರಂತೆ ತಿರುಗಿ ಬಂದಿತ್ತು. ಕೊಟ್ರಪ್ಪನ ಗಿರಣಿಯ ಮುಂದೆ ಡಬ್ಬಿಗಳ ಸಾಲು ಮೋಟಾಯಿತು. ಅವನ ಬೀಸುವ ಕಲ್ಲು ಸವೆದು ನುಣ್ಣಗಾಗಿತ್ತು. ಉಳಿಯಿಂದ ಕಚ್ಚು ಹಾಕಿಸಬೇಕಿತ್ತು. "ಮಂದಿ ಬರ್ತಾರಂದ್ರ ಕಲ್ಲು ಕುಟ್ಟಸ್ತೀನ್ರಿ ಸಾಹೇಬ್ರ, ಇಲ್ಲಾಂದ್ರ ಬಾಗಲಾ ಹಾಕ್ತೀನಿ" ಎಂದ.

ಮೈಕಿಲ್ಲದೆ ಎಷ್ಟೋ ದಿನವಾಗಿದ್ದ ನನ್ನ ಗಂಟಲು ಎಚ್ಚರವಾಯಿತು. ಗಿರಣಿಯ ಮುಂದೆಯೇ ಓಣಿಯವರನ್ನು ಕೂಡಿಸಿ ಭಾಷಣ ಮಾಡಿದೆ. ನಮ್ಮ ಊಟದ ಕೀಲಿಕೈಯನ್ನು ಪರವೂರ ದೊಡ್ಡವರ ಸೊಂಟಕ್ಕೆ ಸಿಕ್ಕಿಸಬಾರದು ಎಂದೆ. ಪ್ರತಿ ಮನೆಯಿಂದ ವಾರಕ್ಕೊಂದು ಡಬ್ಬಿ ಬಂದರೆ ಗಿರಣಿ ಉಳಿಯುತ್ತದೆ, ಮೊದಲ ಡಬ್ಬಿ ನನ್ನದು ಎಂದೆ. ಹೆಂಗಸರು ಚಪ್ಪಾಳೆ ತಟ್ಟಿದರು. ಕೊಟ್ರಪ್ಪ ಮಾರನೆಯ ದಿನವೇ ಕಲ್ಲು ಕುಟ್ಟಿಸಿದ. ಗೌರಮ್ಮ ನನ್ನನ್ನು ನೋಡಿದ ನೋಟ ಮದುವೆಯ ದಿನವೂ ನನಗೆ ಸಿಕ್ಕಿರಲಿಲ್ಲ.

ನನ್ನ ಸಿದ್ಧಾಂತ ಏಪ್ರಿಲ್ ತಿಂಗಳವರೆಗೆ ಬಾಳಿತು. ಅವತ್ತು ಡಬ್ಬಿ ಹೊತ್ತು ಹೋದರೆ ಕರೆಂಟಿಲ್ಲ. "ಕುಂದರ್ರಿ, ಬರ್ತೈತಿ" ಎಂದ ಕೊಟ್ರಪ್ಪ. ಒಂದು ತಾಸು ಕೂತೆ. ತಗಡಿನ ಕೆಳಗೆ ನಾನೇ ರೊಟ್ಟಿಯಾಗುತ್ತಿದ್ದೆ. "ಹಿಂಗ ಹೋಗಿ ಬರ್ತೀನಿ" ಎಂದು ಡಬ್ಬಿ ಸಮೇತ ಎದ್ದು, ಬರೀ ತಂಪಿಗಾಗಿ ಎಂದು ನನಗೆ ನಾನೇ ಹೇಳಿಕೊಂಡು ಮಾರ್ಟಿನೊಳಗೆ ಕಾಲಿಟ್ಟೆ. ಹಿಟ್ಟಿನ ಪೊಟ್ಟಣಗಳು ಎದುರಿಗೇ ಇದ್ದವು. ಡಬ್ಬಿಯಲ್ಲಿದ್ದ ಜೋಳವನ್ನು ಏನು ಮಾಡುವುದು? ಅಲ್ಲೇ ರೈಲ್ವೆ ಸ್ಟೇಷನ್ನಿನ ಕಾಂಪೌಂಡಿನಲ್ಲಿ ಪಾರಿವಾಳಗಳಿದ್ದವು. ಭಾಮೈದ ಬೆವರು ಸುರಿಸಿ ಬೆಳೆದ ಕಾಳನ್ನು ಅವುಗಳ ಮುಂದೆ ಸುರಿದು, ಖಾಲಿ ಡಬ್ಬಿಗೆ ಪೊಟ್ಟಣ ಒಡೆದು ತುಂಬಿ ಮನೆಗೆ ಬಂದೆ.

ಗೌರಮ್ಮ ಹಿಟ್ಟಿನಲ್ಲಿ ಕೈಯಿಟ್ಟವಳೇ "ಏನ್ರಿ ಇದು, ತಣ್ಣಗ ಐತಲ್ಲ?" ಎಂದಳು. ಗಿರಣಿಯ ಹಿಟ್ಟು ಮನೆಗೆ ಬಂದರೂ ಜ್ವರ ಬಂದವರ ಮೈಯಂತೆ ಬಿಸಿ ಇರುತ್ತದೆ. ನನಗದು ನೆನಪೇ ಆಗಿರಲಿಲ್ಲ. "ದಾರ್ಯಾಗ ಒಬ್ಬರು ಸಿಕ್ಕಿದ್ರು, ಮಾತಾಡ್ಕೋತ ನಿಂತೆ" ಎಂದೆ. ಮಾರ್ಟಿನ ತಂಪು ರುಚಿ ಹತ್ತಿತ್ತು. ಮುಂದಿನ ವಾರ ನಾನು ಜಾಣನಾದೆ. ಮಾರ್ಟಿನ ಹಿಟ್ಟನ್ನು ಡಬ್ಬಿಗೆ ತುಂಬಿ, ರೈಲ್ವೆ ಗೇಟಿನ ಹತ್ತಿರದ ಬಂಡೆಯ ಮೇಲೆ ಬಿಸಿಲಿಗಿಟ್ಟು, ಕಾವಲು ಕೂತೆ. ನಮ್ಮ ಸೀಮೆಯ ಬಿಸಿಲು ಯಾವ ಗಿರಣಿಗೂ ಕಡಿಮೆಯಿಲ್ಲ. ಅರ್ಧ ತಾಸಿನಲ್ಲಿ ಹಿಟ್ಟು ಈಗಷ್ಟೇ ಬೀಸಿದಂತೆ ಬೆಚ್ಚಗಾಯಿತು. ಗೌರಮ್ಮ ಕೈಯಿಟ್ಟು ನೋಡಿ ತೃಪ್ತಿಯಿಂದ ತಲೆಯಾಡಿಸಿದಳು. ವಾರಗಟ್ಟಲೆ ಇದೇ ನಡೆಯಿತು. ಪಾರಿವಾಳಗಳು ಹಾರಲಾರದಷ್ಟು ದಪ್ಪಗಾದವು.

ಹಿಟ್ಟು ಹಳೆಯದಾದರೆ ಅದರ ಜಿಗುಟು ಸಾಯುತ್ತದೆ. ಬಿಸಿಲು ಅದನ್ನು ಬೆಚ್ಚಗೆ ಮಾಡಬಲ್ಲುದೇ ಹೊರತು ಎಳೆಯದಾಗಿ ಮಾಡಲಾರದು. ಗೌರಮ್ಮನ ರೊಟ್ಟಿಯ ಅಂಚು ಬಿರಿಯತೊಡಗಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ನಡುವೆ ಹರಿಯುತ್ತಿತ್ತು. ಅವಳು ನೀರನ್ನು ಇನ್ನಷ್ಟು ಕುದಿಸಿದಳು, ಇನ್ನಷ್ಟು ಹೊತ್ತು ನಾದಿದಳು, ದೇವರಿಗೆ ಕಾಯಿ ಒಡೆಸಿದಳು. ಹಿಟ್ಟಿನ ಮೇಲೆ ಮಾತ್ರ ಅನುಮಾನ ಪಡಲಿಲ್ಲ, ಯಾಕೆಂದರೆ ಅದನ್ನು ತಂದವನು ನಾನು. ಒಂದು ದಿನ ತನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, "ನನ್ನ ಕೈ ಹೋತು ಕಾಣ್ತೈತ್ರಿ" ಎಂದಳು. ನಾನು ತಟ್ಟೆಯಲ್ಲಿದ್ದ ಚೂರುಗಳನ್ನು ಪಲ್ಯದಲ್ಲಿ ಮುಚ್ಚಿಕೊಂಡು ಉಂಡೆ.

ಅದೇ ವಾರ ಪಕ್ಕದ ಮನೆಯ ಶಾಂತಕ್ಕ ಬಂದಳು. ಅವರ ಹೊಸ ಮನೆಯ ಪ್ರವೇಶವಿತ್ತು. "ನಾಳಿ ಬೆಳಗ್ಗೆ ರೊಟ್ಟಿ ಬಡಿಯಾಕ ಬಾರಬೇ ಗೌರಕ್ಕ, ನೀ ಕುಂತ್ರ ಉಳಿದವರಿಗೆ ಧೈರ್ಯ" ಎಂದಳು. ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನಾ ಒಲ್ಲೆವ್ವ. ನನ್ನ ಕೈ ಹೋಗೇತಿ. ನಿಮ್ಮ ಶುಭಕಾರ್ಯದಾಗ ಹರಕ ರೊಟ್ಟಿ ಯಾಕ?" ಎಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಅವಳು ಹೋಗಿದ್ದರೆ, ಕಾರ್ಯಕ್ಕೆಂದು ಅವರು ಹೊಸದಾಗಿ ಬೀಸಿಸಿದ ಹಿಟ್ಟನ್ನು ಮುಟ್ಟಿದ್ದರೆ, ಒಂದೇ ರೊಟ್ಟಿಯಲ್ಲಿ ಅವಳ ಕೈ ಅವಳಿಗೆ ತಿರುಗಿ ಸಿಗುತ್ತಿತ್ತು. ಜೊತೆಗೆ ನಾನೂ ಸಿಕ್ಕಿಬೀಳುತ್ತಿದ್ದೆ. ಪೇಪರನ್ನು ಇನ್ನೊಂದಿಷ್ಟು ಮೇಲಕ್ಕೆ ಎತ್ತಿಕೊಂಡೆ.

ಮಾರನೆಯ ಬೆಳಗ್ಗೆ ಜೋಳ ಹೊತ್ತು ನಿಜವಾಗಿಯೂ ಗಿರಣಿಗೆ ಹೋದೆ. ಕೊಟ್ರಪ್ಪ ಮೋಟಾರಿನ ಬೆಲ್ಟು ಕಳಚುತ್ತಿದ್ದ.

"ಯಾಕಪ್ಪ?" ಎಂದೆ.

"ಹರಪನಹಳ್ಳ್ಯಾಗ ಅಕ್ಕಿ ಗಿರಣಿಗೆ ಕೆಲಸಕ್ಕ ಕರದಾರ್ರಿ. ನಾಳಿ ಹೊಂಟೀನಿ."

"ಕಲ್ಲು ಕುಟ್ಟಿಸಿದ್ಯಲ್ಲೋ!"

"ನೀವು ಅಂದಿದ್ರಿ, ಕುಟ್ಟಿಸಿದೆ. ಮೊದಲನೇ ಡಬ್ಬಿ ನಿಮ್ಮದಂತ ಅಂದಿದ್ರಿ. ಬ್ಯಾಸಗಿ ಬಂದಮ್ಯಾಲೆ ಅದಽ ಬರಲಿಲ್ಲ. ಸಾಹೇಬ್ರಽ ಮಾರ್ಟಿಗೆ ಹೊಕ್ಕಾರ, ನಮ್ದೇನು ಅಂತ ಓಣಿಯವರೂ ಹೊಕ್ಕರು. ಗೌರಕ್ಕಾರ ಮುಂದ ಮಾತ್ರ ಯಾರೂ ಬಾಯಿ ಬಿಟ್ಟಿಲ್ಲ." ಬೆಲ್ಟನ್ನು ಸುತ್ತಿ ಚೀಲಕ್ಕೆ ಹಾಕಿದ. "ನಿಮ್ಮನ್ನೇನೂ ಅನ್ನಂಗಿಲ್ಲ ಬಿಡ್ರಿ. ಬಿಸಲು ಭಾಳ ಇತ್ತು."

ಬೈದಿದ್ದರೆ ಹೇಗೋ ಅರಗಿಸಿಕೊಳ್ಳುತ್ತಿದ್ದೆ.

ಡಬ್ಬಿ ಹೊತ್ತು ಬಸ್ಸು ಹತ್ತಿ ಕೊಟ್ಟೂರಿಗೆ ಹೋದೆ. ಅಲ್ಲಿನ್ನೂ ಒಂದು ಗಿರಣಿ ಉಸಿರಾಡುತ್ತಿತ್ತು. ಬಿಸಿಬಿಸಿ ಹಿಟ್ಟನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ತಂದಂತೆ ತಂದು ಗೌರಮ್ಮನ ಮುಂದಿಟ್ಟೆ. "ಇವತ್ತ ಬಡಿ ನೋಡು" ಎಂದೆ. ಕೂತಳು. ಆದರೆ ಈಗ ಅವಳ ಕೈಗೆ ಹೆದರಿಕೆ ಹೊಕ್ಕಿತ್ತು. ರೊಟ್ಟಿ ಹರಿದೀತೆಂದು ಅಂಜಂಜಿ ತಟ್ಟಿದಳು, ಎತ್ತುವಾಗ ಮೊದಲನೆಯದೇ ಹರಿಯಿತು. ಎರಡನೆಯದೂ ಹರಿಯಿತು. "ನಾ ಹೇಳಿರಲಿಲ್ಲೇನು?" ಎಂದು ಒಲೆ ಆರಿಸಿದಳು.

ಆಗ ಬಾಯಿಬಿಟ್ಟೆ. "ಗೌರಿ, ನಿನ್ನ ಕೈ ಎಲ್ಲೂ ಹೋಗಿಲ್ಲ. ಇಷ್ಟು ದಿನ ನಾ ತಂದದ್ದು ಮಾರ್ಟಿನ ಹಿಟ್ಟು. ಬಿಸಲಿಗಿಟ್ಟು ಕಾಸಿ ತರ್ತಿದ್ದೆ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಹಿಟ್ಟನ್ನ ಯಾರಾರ ಬಿಸಲಿಗಿಡ್ತಾರೇನ್ರಿ? ಗಿರಣಿ ಸಲುವಾಗಿ ಓಣಿ ಕೂಡಿಸಿ ಭಾಷಣ ಮಾಡಿದೋರು ನೀವು. ನನ್ನ ಸಮಾಧಾನಕ್ಕ ಇಲ್ಲದ್ದು ಹೇಳಬ್ಯಾಡ್ರಿ. ಸುಳ್ಳು ಹೇಳಾಕೂ ಬರಂಗಿಲ್ಲ ನಿಮಗ." ಎರಡು ದಿನ ಬಿಟ್ಟು ಹರಪನಹಳ್ಳಿಗೆ ಫೋನು ಹಚ್ಚಿ ಕೊಟ್ರಪ್ಪನಿಂದ ಹೇಳಿಸಿದೆ. ಅವನು ಹೇಳಿದ್ದನ್ನೆಲ್ಲ ಕೇಳಿ, "ಪಾಪ, ಅವನ್ನೂ ಒಪ್ಪಿಸೀರಿ" ಎಂದಳು.

ಈಗ ನಮ್ಮ ಮನೆಗೆ ಮಾರ್ಟಿನಿಂದ ಒಣ ರೊಟ್ಟಿಯ ಪೊಟ್ಟಣ ಬರುತ್ತದೆ. ತವರಿನ ಜೋಳದ ಮೂಟೆಗೆ ಹುಳ ಬಿದ್ದಿದೆ. ಅವಳು ಆ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರ ಕೈಯೋ ಏನೋ, ಎಷ್ಟು ದುಂಡಗ ಐತಿ" ಎನ್ನುತ್ತಾಳೆ. ಅದು ಯಂತ್ರದ್ದು ಎಂದು ಹೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ.

ಬಾಯಲ್ಲಿ ಹೇಳಿದ್ದನ್ನು ನಂಬದವಳು ಬರೆದದ್ದನ್ನಾದರೂ ನಂಬಿಯಾಳು ಎಂದು ಇದನ್ನೆಲ್ಲ ಬರೆದು, ನಿನ್ನೆ ಕಟ್ಟೆಯ ಮೇಲೆ ಕೂರಿಸಿಕೊಂಡು ಇಲ್ಲಿಯವರೆಗೆ ಓದಿದೆ. ಪಾರಿವಾಳದ ಹತ್ತಿರ ನಕ್ಕಳು, ಶಾಂತಕ್ಕನ ಹತ್ತಿರ ತನ್ನ ಕೈ ತಿರುಗಿಸಿ ನೋಡಿಕೊಂಡಳು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಕೈ ಮರ್ಯಾದಿ ಉಳಸಾಕ ನಿಮ್ಮ ಮರ್ಯಾದಿ ಇಷ್ಟು ಕಳಕೊಂಡೀರಲ್ರಿ. ಯಾವ ಗಂಡ ಮಾಡ್ಯಾನು?" ಎಂದಳು. ನಾಲ್ಕು ಮನೆಗೆ ಕೇಳುವಂತೆಯೇ ಎಂದಳು. ಆಮೇಲೆ ಒಳಗೆ ಹೋಗಿ ಚೀಲ ತಂದು ನನ್ನ ಕೈಗಿಟ್ಟಳು. ಮನೆಯಲ್ಲಿ ರೊಟ್ಟಿ ತೀರಿದ್ದವು. ನಾನು ದೊಡ್ಡ ಮನುಷ್ಯನಂತೆ ಓಣಿಯ ನಡುವೆಯೇ ನಡೆದು ಮಾರ್ಟಿಗೆ ಹೋದೆ.