ಹುರುಳಿ ಬಸ್ಸಾರು ಕೇಳುವ ಹುಡುಗಿ

ನಮ್ಮ ಮೈದುನನ ಮಗಳಿಗೆ ದೇವರು ಬಾಯಿ ಕೊಟ್ಟಿದ್ದು ಹಲ್ಲು ಉಜ್ಜೋದಕ್ಕೆ ಮಾತ್ರ. ಬೇರೆ ಯಾತಕ್ಕೂ ಅವಳು ಅದನ್ನ ಬಳಸಿದ್ದು ನಾನು ಕಂಡಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿ! ನಾನೋ, ಜನ ಸಿಗದಿದ್ದರೆ ಕುಕ್ಕರ್ ಜೊತೆ ಜಗಳ ಆಡೋಳು. ಇಂಥ ಇಬ್ಬರನ್ನ ಅಮೆರಿಕದ ಷಾರ್ಲೆಟ್ಟಿನ ಒಂದು ದೊಡ್ಡ ಮನೇಲಿ ಬಿಟ್ಟು ಹೋದರೆ ಏನಾಗಬೇಡ!

ಬಿಟ್ಟು ಹೋದದ್ದು ಯಾಕೆ ಅಂತೀರಾ? ಮೈದುನ ಡಾಕ್ಟರು. ಅಟ್ಲಾಂಟಾದಲ್ಲಿ ಹೊಸ ಕೆಲಸ ಸಿಕ್ಕಿತು, ಗಂಡ ಹೆಂಡತಿ ಹೊರಟರು. ಇಲ್ಲಿನ ಮನೆ ಇನ್ನೂ ಮಾರಾಟ ಆಗಿರಲಿಲ್ಲ. ಅದಕ್ಕೆ ಕಾವಲು ನಾನು. ಹುಡುಗಿ ಡಾಕ್ಟರಿಕೆ ಓದಬೇಕಾದವಳು, ಕಾಲೇಜು ಬಿಟ್ಟು ಬಂದು ಸೋಫಾ ಮೇಲೆ ಕೂತಿದ್ದಳು. ಮನೆ ಮಾರಿದ ಮೇಲೆ ನಾನು ಅಟ್ಲಾಂಟಾಕ್ಕೆ, ಅವಳು ವಾಷಿಂಗ್ಟನ್ ಹತ್ತಿರ ಚಿಕ್ಕಮ್ಮನ ಮನೆಗೆ, ಮತ್ತೆ ಕಾಲೇಜಿಗೆ. ಹಾಗಂತ ತೀರ್ಮಾನ. ನನ್ನನ್ನ ಯಾರೂ ಕೇಳಲಿಲ್ಲ. ಅವಳನ್ನ ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ, ಬಿಡಿ.

ಅವಳ ಕೈಯಲ್ಲಿ ಯಾವಾಗಲೂ ಒಂದು ಪುಸ್ತಕ. ನನಗೆ ಅಕ್ಷರ ಅಷ್ಟಕ್ಕಷ್ಟೇ, ಅದೂ ಕನ್ನಡದ್ದು. ಒಂದು ದಿನ ತಡೆಯಲಾರದೆ ಕೇಳಿದೆ.

"ಏನೇ ಇದೆ ಅದರಲ್ಲಿ?"

"ಜಪಾನ್ ಸ್ಟೋರಿ. ಒಂದು ಹುಡುಗಿ, ಒಂದು ಅಜ್ಜಿ. ಒಂದೇ ಮನೆ."

"ಜಗಳ ಆಡ್ತಾರಾ?"

"ಇಲ್ಲ."

"ಮದುವೆ ಗಿದುವೆ?"

"ಇಲ್ಲ."

"ಹೋಗಲಿ, ಮುದುಕಿ ಸಾಯ್ತಾಳಾ?"

"ನಾಟ್ ಯೆಟ್."

"ಮತ್ತೇನು ಮಾಡ್ತಾರೆ?"

"ಆರೆಂಜ್ ತಿಂತಾರೆ. ಬಟ್ಟೆ ಫೋಲ್ಡ್ ಮಾಡ್ತಾರೆ. ಹುಡುಗಿ ಲೋನ್ಲಿ. ಅಜ್ಜಿನೂ ಲೋನ್ಲಿ. ಬಟ್ ಹೇಳಲ್ಲ."

"ಬಟ್ಟೆ ಮಡಿಸೋದಕ್ಕೆ ಜಪಾನಿಗೆ ಯಾಕೆ ಹೋಗಬೇಕು? ಇಲ್ಲೇ ಒಂದು ರಾಶಿ ಬಿದ್ದಿದೆ, ಬಾ!"

ಬಂದಳು! ಎದುರಿಗೆ ಕೂತು ಮಡಿಸಿದಳು. ಟವೆಲ್ಲನ್ನ ಹೋಳಿಗೆ ಥರ ಮಡಿಸಿದ್ದಳು, ಅದು ಬೇರೆ ಮಾತು. ಅವತ್ತಿಂದ ದಿನಾ ಮಧ್ಯಾಹ್ನ ನನಗೆ ಜಪಾನಿನ ಸುದ್ದಿ. ಇವತ್ತು ಅಜ್ಜಿ ಟೀ ಮಾಡಿದಳು. ಇವತ್ತು ಇಬ್ಬರೂ ಕಿಟಕಿ ನೋಡಿದರು. ಕಿಟಕಿಯಿಂದ ಆಚೆ ನೋಡಿದರಾ ಅಂದರೆ, ಇಲ್ಲವಂತೆ, ಕಿಟಕಿ ನೋಡಿದರಂತೆ! "ಆ ಹುಡುಗಿಗೊಂದು ಗಂಡು ನೋಡಿ, ಮುದುಕಿಗೊಂದು ಎಮ್ಮೆ ಕೊಡಿಸಿದರೆ ಎಲ್ಲ ಸರಿಹೋಗುತ್ತೆ" ಅಂದೆ. ಹುಡುಗಿ ನಕ್ಕಳು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗಿತ್ತು.

ಇನ್ನು ಮನೆ ಮಾರಿಸುವ ಹೆಂಗಸು. ಸದಾ ಕೆಂಪು ಕೋಟು. ನಾನು ಕೆಂಪುಕೋಟು ಅಂತಲೇ ಹೆಸರಿಟ್ಟೆ. ಅವಳ ಕಟ್ಟಪ್ಪಣೆಯನ್ನ ಮೈದುನ ಫೋನಿನಲ್ಲಿ ತಿಳಿಸಿದ.

"ಅತ್ತಿಗೆ, ಜನ ನೋಡೋಕೆ ಬರೋ ದಿನ ಒಗ್ಗರಣೆ ಹಾಕಬೇಡಿ. ಆ ವಾಸನೆಗೆ ಯಾರೂ ಮನೆ ತಗೊಳ್ಳಲ್ಲ."

"ಹಂಗಾದರೆ ನೀನೇನು ಮೂಸಿಕೊಂಡು ಡಾಕ್ಟರಾದೆ?"

ಆದರೂ ಒಪ್ಪಿದೆ. ಫೋನು ಎತ್ತೋದು ಮಾತ್ರ ಹುಡುಗಿ ಪಾಲಿಗೆ. ನನ್ನ ಇಂಗ್ಲಿಷು ಹಲೋದಲ್ಲಿ ಹುಟ್ಟಿ ಹಲೋದಲ್ಲೇ ಸಾಯುತ್ತೆ.

ಒಂದು ದಿನ ಹುಡುಗಿ ತಾನಾಗೇ ಬಂದು, "ದೊಡ್ಡಮ್ಮ, ನಾಳೆ ಹುರುಳಿ ಬಸ್ಸಾರು ಮಾಡ್ತೀರಾ?" ಅಂದಳು. ಎಲೆಸೊಪ್ಪು ತಿನ್ನೋ ಮೇಕೆ ಹಾಗಿದ್ದವಳಿಗೆ ಬಸ್ಸಾರಿನ ಆಸೆ! ಒಂದು ಗಡ್ಡೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಚುರ್ ಅನ್ನಿಸೋದಕ್ಕೂ ಕೆಂಪುಕೋಟು ಗಂಡಹೆಂಡಿರನ್ನ ಕರಕೊಂಡು ಒಳಗೆ ಬರೋದಕ್ಕೂ ಸರಿಹೋಯಿತು. ಆ ಹೆಂಡತಿ ಮೂಗು ಮುಚ್ಚಿಕೊಂಡು ಬಂದ ದಾರಿಯಲ್ಲೇ ಹೋದಳು. ಹೇಳದೆ ಕೇಳದೆ ನುಗ್ಗೋ ಜನ! ತಪ್ಪು ನನ್ನದಾ?

ಇನ್ನೊಂದು ಸಲ, "ದೊಡ್ಡಮ್ಮ, ಸಾರಿನ ಪುಡಿ ಮುಗೀತು" ಅಂದಳು. ಮೆಣಸಿನಕಾಯಿ ಹುರಿದೆ. ಮತ್ತೆ ಕೆಂಪುಕೋಟು! ಬಂದವರು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆ ನಾಯಿ ಬೊಗಳಿತು.

ಕೊನೆಗೆ ಕೆಂಪುಕೋಟು ಒಂದು ಬಟ್ಟಲು ತಂದು ಅಡುಗೆಮನೆಯಲ್ಲಿ ಇಟ್ಟಳು. ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ, ಒಣಗಿದ ಹೂವು. ಪಾಪ, ಕೆಮ್ಮಿಗೆ ಔಷಧಿ ಕೊಟ್ಟಿದ್ದಾಳೆ ಅಂತ ಕಷಾಯ ಕಾಸಿ ಕುಡಿದೆ. ಮನೆಗೆ ಪರಿಮಳ ಬರಲಿ ಅಂತ ಸೆಂಟು ಹಾಕಿ ಇಟ್ಟದ್ದಂತೆ! ಎಷ್ಟೋ ದಿನ ನಾನು ತೇಗಿದರೆ ಮನೆಯೆಲ್ಲ ಪರಿಮಳ. ಅವಳ ಉದ್ದೇಶ ಏನೋ ಈಡೇರಿತು.

ಆಮೇಲೊಂದು ಶನಿವಾರ ಮತ್ತೆ ಬಸ್ಸಾರು ಬೇಕು ಅಂದಳು ಹುಡುಗಿ. ಮಾಡಿದೆ. ಕೆಂಪುಕೋಟಿನ ಹಿಂದೆ ಈ ಸಲ ನಮ್ಮ ಕಡೆಯ ಜೋಡಿ, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವರು. ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತಳು.

"ಆಂಟಿ... ಹುರುಳಿ ಬಸ್ಸಾರಾ?"

ಗಂಡ ಹಿಂದಿನಿಂದ ಕತ್ತು ಚಾಚಿ, "ಮುದ್ದೆ ಇದೆಯಾ ಆಂಟಿ?" ಅಂದ. ಮನೆ ನೋಡೋಕೆ ಬಂದವನು ಕೇಳೋ ಮಾತಾ ಇದು!

ಕೂರಿಸಿ ಬಡಿಸಿದೆ. ಬೆಡ್‌ರೂಮ್ ಎಷ್ಟು ಅಂತಲೂ ಕೇಳದೆ ಉಂಡರು. "ಈ ಮನೆ ನಮಗೇ" ಅಂದಳು ಹೆಂಡತಿ, ಬೆರಳು ನೆಕ್ಕುತ್ತಾ. ಕೆಂಪುಕೋಟು ಬಿಟ್ಟ ಬಾಯಿ ಮುಚ್ಚಲಿಲ್ಲ. ಸಿಕ್ಕಿದ್ದೇ ಸಮಯ ಅಂತ ನಾನು ಆ ಹೆಂಡತಿ ಹತ್ತಿರ ಕೆಂಪುಕೋಟಿನ ಮೇಲೆ ದೂರು ಹೇಳಿದೆ.

"ಇವಳಿಗೆ ಸ್ವಲ್ಪ ಹೇಳಮ್ಮಾ, ಬರೋ ಮುಂಚೆ ಒಂದು ಮಾತು ತಿಳಿಸೋಕೆ ಏನು ಧಾಡಿ?"

ಆ ಹೆಂಡತಿ ಕೆಂಪುಕೋಟನ್ನ ಇಂಗ್ಲಿಷಿನಲ್ಲಿ ಕೇಳಿ, ನನ್ನ ಕಡೆ ತಿರುಗಿದಳು. "ಆಂಟಿ, ಪ್ರತಿ ಸಲ ಹಿಂದಿನ ದಿನವೇ ಫೋನ್ ಮಾಡ್ತಾರಂತೆ. ನಿಮ್ಮ ಹುಡುಗಿ ಓಕೆ, ಹೇಳ್ತೀನಿ ಅಂತಾಳಂತೆ."

ನಾನು ನಮ್ಮ ಹುಡುಗಿ ಕಡೆ ನೋಡಿದೆ. ಇವಳು ನೆಲ ನೋಡಿದಳು. ಕಿವಿ ಮಾತ್ರ ಒಣಮೆಣಸಿನಕಾಯಿ ಕೆಂಪು.

ಅವರೆಲ್ಲ ಹೋದ ಮೇಲೆ ತಟ್ಟೆ ಹಾಕಿಕೊಂಡು ಅಡುಗೆಮನೆ ನೆಲದ ಮೇಲೆ ಕೂತೆ. ಅವಳೂ ಬಂದು ಪಕ್ಕದಲ್ಲಿ ಕೂತಳು. ಬಯ್ಯಬೇಕು ಅಂತ ಬಾಯಿ ತೆರೆದೆ. "ಸಾರು ಉಳಿದಿದೆ, ಹಾಕ್ಕೋ" ಅಂದೆ.

"ನಂಗೆ ಬಸ್ಸಾರು ಇಷ್ಟ ಇಲ್ಲ, ದೊಡ್ಡಮ್ಮ."

"ಅಯ್ಯೋ ನಿನ್ನ! ಮತ್ತೆ ಇಷ್ಟು ಸಲ ತಿಂದೆಯಲ್ಲೇ?"

ನನ್ನ ಭುಜದ ಮೇಲೆ ತಲೆ ಇಟ್ಟಳು. ಭಾರವಾದ ತಲೆ. ಭುಜ ಹಿಡಿದುಕೊಂಡಿತು, ಊಟ ಆರಿತು. ನಾನು ಅಲ್ಲಾಡಲಿಲ್ಲ.