ಹದ್ದಿನ ಪಾಲಿನ ಊಟ

ಎಲ್ಲಾ ಶುರುವಾದದ್ದು ವೆಂಡೆಲ್ ತನ್ನ ಹೆಂಡತಿಗೆ ಹೇಳಿದ ಒಂದು ಸಣ್ಣ ಸುಳ್ಳಿನಿಂದ.

ಮೆಕ್ಸಿಕೋ ಗಡಿಯಿಂದ ಉತ್ತರಕ್ಕೆ ತಿಂಗಳುಗಟ್ಟಲೆ ನಡೆಯುವ ನಮ್ಮ ದಾರಿಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರೂ ಕೇಳುವುದಿಲ್ಲ. ಜೊತೆಯವರು ಏನು ಕರೆದರೆ ಅದೇ ಹೆಸರು. ನಮಗೆ ನಾವೇ ಇಟ್ಟುಕೊಳ್ಳುವ ಹಾಗಿಲ್ಲ. ಮೊದಲ ರಾತ್ರಿಯೇ ನೀರಿನ ಚೀಲದ ಮೇಲೆ ಮಲಗಿ, ತನ್ನ ಹಾಸಿಗೆಯನ್ನೂ ಪಕ್ಕದವರ ಹಾಸಿಗೆಯನ್ನೂ ತೋಯಿಸಿದ ವೆಂಡೆಲ್‌ಗೆ 'ಸೋರಿಕೆ' ಅಂತ ಹೆಸರು ಬಿತ್ತು. ಫೋನಿನಲ್ಲಿ ಹೆಂಡತಿ ಲೊರೇನಾ ನಿನ್ನ ಹೆಸರೇನು ಅಂತ ಕೇಳಿದಾಗ ಬಡಪಾಯಿ ನಾಚಿಕೊಂಡು "ನನ್ನನ್ನ ಹದ್ದು ಅಂತಾರೆ" ಅಂದುಬಿಟ್ಟ.

ಅವಳಿಗೆ ಹೆಮ್ಮೆಯೋ ಹೆಮ್ಮೆ. ಕರಿದ ಕೋಳಿ, ಪೀಚ್ ಹಣ್ಣಿನ ಪೈ ಮಾಡಿಕೊಂಡು ಫ್ರೆಸ್ನೋದಿಂದ ಬರುತ್ತೇನೆ, ಸಂಜೆ ಡ್ಯೂಟಿ ಇದೆ, ಕಾಯಲಾರೆ, ಹೆದ್ದಾರಿಯ ಸೇತುವೆ ಕೆಳಗೆ ನಡೆಯುವವರನ್ನು ಉಪಚರಿಸುವ ಒಪಲ್ ಅಜ್ಜಿಯ ಹತ್ತಿರ ಹದ್ದಿಗೆ ಅಂತ ಕೊಟ್ಟು ಹೋಗುತ್ತೇನೆ ಅಂದಳು. ವಾರಗಟ್ಟಲೆ ಒಣ ನೂಡಲ್ಸ್ ತಿಂದ ವೆಂಡೆಲ್‌ಗೆ ಅಂದಿನಿಂದ ಕನಸಿನಲ್ಲೂ ಕೋಳಿ.

ಸೇತುವೆ ತಲುಪಬೇಕಾದ ದಿನ ಬೆಳಿಗ್ಗೆ ಅವನು ಜೊತೆಯವರಿಬ್ಬರ ಮುಂದೆ ಎಲ್ಲ ಒಪ್ಪಿಕೊಂಡ. ಕಬ್ಬಿಣದ ಬಾಣಲೆ ಹೊತ್ತು ಮರುಭೂಮಿಗೆ ಬಂದಿದ್ದಕ್ಕೆ ಒಬ್ಬಳ ಹೆಸರು ಬಾಣಲೆ. ಇನ್ನೊಬ್ಬ ಗೊರಕೆ; ಅವನ ಹೆಸರಿಗೆ ಕಾರಣ ಬೇಕಿಲ್ಲ.

"ಹೆಸರು ಅಂದ್ರೆ ಸಂಪಾದನೆ ಮಾಡ್ಬೇಕು ಮಾರಾಯ," ಅಂದಳು ಬಾಣಲೆ. "ಸೇತುವೆ ತನಕ ಹನಿ ನೀರು ಸಿಗಲ್ಲ. ನಮ್ಮೆಲ್ಲರ ನೀರೂ ನೀನೇ ಹೊರು. ಒಂದು ತೊಟ್ಟೂ ಚೆಲ್ಲದೆ ತಲುಪಿಸಿದ್ರೆ ಹದ್ದು ಅಂತಲೇ ಕರೀತೀವಿ."

"ಪೈನಲ್ಲಿ ನನಗೂ ಪಾಲು," ಅಂದ ಗೊರಕೆ.

ವೆಂಡೆಲ್ ನೀರೆಲ್ಲ ಬೆನ್ನಿಗೇರಿಸಿಕೊಂಡು, ಎಮ್ಮೆ ದಿಬ್ಬ ಹತ್ತುವ ಹಾಗೆ ಹೊರಟ. ಮಿಕ್ಕವರಿಬ್ಬರೂ ಕೈಬೀಸಿಕೊಂಡು ಹಾಡು ಹೇಳುತ್ತಾ ಮುಂದೆ ಹೋದರು. ಜೋಶುವಾ ಮರದ ಚೂರು ನೆರಳಿನಲ್ಲಿ ಅವನು ಕೂತ ಕೂಡಲೇ ಪಕ್ಕದಲ್ಲಿ ಬುಡುಬುಡಿಕೆ ಹಾವು ಬಾಲ ಅಲ್ಲಾಡಿಸಿತು. ಓಡಿದರೆ ನೀರು ಕುಲುಕೀತು. ಉಸಿರು ಬಿಗಿಹಿಡಿದು ಹಾಗೇ ಕೂತ. ಕೊನೆಗೆ ಹಾವಿಗೇ ಬೇಜಾರಾಗಿ ಹೊರಟುಹೋಯಿತು.

ಗಾಳಿಯಂತ್ರಗಳ ಸಾಲಿನ ಹತ್ತಿರ ಗಾಳಿ ಅವನನ್ನು ಎತ್ತಿ ಪಕ್ಕಕ್ಕೆ ಎಸೆಯಿತು. ಬೀಳುವಾಗಲೂ ಅವನು ಚೀಲವನ್ನು ಎದೆಗೆ ಅವುಚಿಕೊಂಡು ಮುಳ್ಳುಗಳ್ಳಿಯ ಮೇಲೆ ಕುಂಡೆ ಊರಿದ. ಬಾಣಲೆ ವಾಪಸ್ ಬಂದು ತನ್ನ ಬಾಚಣಿಗೆಯಿಂದ ಮುಳ್ಳು ಕಿತ್ತು ಕಿತ್ತು ಎಸೆದಳು. ಗೊರಕೆ ಈ ಮಂಗಳಕಾರ್ಯದ ಫೋಟೋ ತೆಗೆದ. ವೆಂಡೆಲ್ ಕೇಳಿದ್ದು ಒಂದೇ, ನೀರು ಚೆಲ್ಲಿತಾ ಅಂತ.

ಚೆಲ್ಲಿರಲಿಲ್ಲ. ಮಿಕ್ಕವರು ಆಗಾಗ ಬಂದು ಕುಡಿದು ಹೋಗುತ್ತಿದ್ದರು. ತಾನು ಕುಡಿಯುವಾಗ ಎಲ್ಲಿ ತೊಟ್ಟು ಬಿದ್ದೀತೋ ಅಂತ ಅವನು ಮಾತ್ರ ನಾಲಿಗೆ ಒಣಗಿಸಿಕೊಂಡೇ ನಡೆದ.

ಸೇತುವೆ ಕಂಡಾಗ ಬಾಣಲೆ ಮಾತು ಉಳಿಸಿಕೊಂಡಳು. "ಒಪಲಜ್ಜೀ, ದಾರಿ ಬಿಡಿ. ನಮ್ಮ ಹದ್ದು ಬಂದ."

ವೆಂಡೆಲ್‌ಗೆ ಕಣ್ಣು ತುಂಬಿ ಬಂತು. ಒಪಲ್ ಅಜ್ಜಿ ಮಡಚುವ ಕುರ್ಚಿಯಿಂದ ಏಳಲೇ ಇಲ್ಲ.

"ಇನ್ನೊಬ್ಬ ಹದ್ದಾ? ಹದ್ದು ಮಧ್ಯಾಹ್ನವೇ ಬಂದು ಹೋದನಲ್ಲ. ಎತ್ತರದ ಹುಡುಗ, ಕೆಂಪು ಗಡ್ಡ. ನಿನ್ನ ಹೆಂಡತಿ ಕೋಳಿ, ಪೈ ಕೊಟ್ಟು ಹೋಗಿದ್ದಾಳೆ ಅಂದೆ. ಪಾಪ, ಅವಳು ಬಿಟ್ಟು ಹೋಗಿ ವರ್ಷವಾಯ್ತಂತೆ. ಅವಳಿಗಿನ್ನೂ ನನ್ನ ನೆನಪಿದೆಯಲ್ಲ ಅಂತ ಅಳ್ತಾ ಅಳ್ತಾ ಒಂದು ಚೂರೂ ಬಿಡದೆ ತಿಂದ. ಇನ್ನು ನಡಿಗೆ ಸಾಕು ಅಂತ ಬಸ್ ಹತ್ತಿ ಅವಳ ಹತ್ತಿರವೇ ಹೋದ."

ವೆಂಡೆಲ್ ನೀರಿನ ಚೀಲ ಕೆಳಗಿಳಿಸಿದ. "ಅಜ್ಜಿ, ಅದು ನನ್ನ ಹೆಂಡತಿ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅವನೂ ಹಾಗೇ ಅಂದ ಕಣಪ್ಪ."

ಗೊರಕೆ ಸದ್ದಿಲ್ಲದೆ ನೂಡಲ್ಸ್ ಪೊಟ್ಟಣ ಬಿಚ್ಚತೊಡಗಿದ. ವೆಂಡೆಲ್ ಕುಸಿದು ಕೂತ; ಮುಳ್ಳು ನೆನಪಾಗಿ ತಕ್ಷಣ ಎದ್ದ. ಅವನ ಮುಖ ನೋಡಿ ಅಜ್ಜಿಯ ಮನಸ್ಸು ಕರಗಿತು.

"ಹೋಗ್ಲಿ ಬಿಡು, ಬಿಸಿಲಲ್ಲಿ ನಡೆದು ಬಂದಿದ್ದೀಯ," ಅಂತ ಹಿಂದಿದ್ದ ದೊಡ್ಡ ಪೀಪಾಯಿಗಳ ಕಡೆ ಕೈ ತೋರಿಸಿದಳು. "ತಿನ್ನೋಕೆ ಏನೂ ಉಳಿದಿಲ್ಲ. ನೀರು ಮಾತ್ರ ಎಷ್ಟು ಬೇಕಾದ್ರೂ ತಗೊ."